ಅಂಚಿಗೆ ಅಂಟಬೇಡ, ಪುಟ್ಟಿ

ಮೈಸೂರು
ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟಿ,

ನೀನು ಸೈಕಲ್ ತಗೊಂಡ ಸುದ್ದಿ ನಿನ್ನಪ್ಪನ ಬಾಯಿಂದ ದೂರಿನ ರೂಪದಲ್ಲಿ ಬಂತು. 26 ವರ್ಷಕ್ಕೆ ಈಗ ಕಲಿಯಲು ಹೊರಟಿದ್ದಾಳೆ, ಜಯನಗರದಿಂದ ಕೋರಮಂಗಲದ ಆಫೀಸಿಗೆ ಅದರಲ್ಲೇ ಹೋಗ್ತಾಳಂತೆ, ನೀನಾದರೂ ಬುದ್ಧಿ ಹೇಳಕ್ಕಾ ಅಂದ. ಹೇಳುತ್ತೇನೆ. ಅವನು ಬಯಸಿದ ಬುದ್ಧಿಯೇ ಆಗಬೇಕು ಅಂತೇನೂ ಇಲ್ಲ, ಅಲ್ವಾ?

ಮೊದಲು ಕಲಿಯುವ ವಿಚಾರ. ನಾವು ಬಾಡಿಗೆ ಸೈಕಲ್ ತಂದು, ಕಂಬಿ ಒಳಗೆ ಕಾಲು ತೂರಿಸಿ, ಬಿದ್ದು ಎದ್ದು ಕಲಿತವರು. ನನ್ನ ಮೊಣಕಾಲಿನ ಅರ್ಧ ಚರ್ಮ ಇನ್ನೂ ಆ ಮೈದಾನದಲ್ಲೇ ಇರಬೇಕು. ನಿನಗೆ ಅದು ಬೇಡ. ಎರಡೂ ಪೆಡಲ್ ಬಿಚ್ಚು. ಎಡಗಡೆಯದು ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಇನ್ನಷ್ಟು ಬಿಗಿ ಮಾಡಿ ಬೆವರು ಸುರಿಸಿದವರು ಬಹಳ. ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಸೀಟ್ ಇಳಿಸು. ಕಾಲಲ್ಲಿ ನೆಲ ತಳ್ಳುತ್ತಾ ಹೋಗು, ಆಮೇಲೆ ಎರಡೂ ಕಾಲು ಎತ್ತು. ಹತ್ತು ಹದಿನೈದು ಮೀಟರ್ ಹಾಗೇ ತೇಲಿಕೊಂಡು ಹೋದೆ ಅಂದರೆ ಬ್ಯಾಲೆನ್ಸ್ ಬಂತು. ಆಗ ಪೆಡಲ್ ಹಾಕಿಸು. ಚೆನ್ನಾಗಿ ಕಲಿತ ಮೇಲೆ ಸೀಟ್ ಮತ್ತೆ ಏರಿಸುವುದನ್ನು ಮರೆಯಬೇಡ, ಇಲ್ಲದಿದ್ದರೆ ಮಂಡಿ ನೋವು ಶುರುವಾಗುತ್ತದೆ.

ಸೈಕಲ್ ಓಡಿಸಲು ಬಂತು ಅಂದ ತಕ್ಷಣ ರಸ್ತೆಗೆ ಇಳಿಯಬೇಡ. ಇನ್ನೊಂದು ವಿದ್ಯೆ ಬಾಕಿ ಇದೆ. ನೇರವಾಗಿ ಹೋಗುತ್ತಲೇ ಬಲ ಭುಜದ ಮೇಲಿಂದ ಹಿಂದೆ ನೋಡುವುದು. ಹೊಸಬರು ಕತ್ತು ತಿರುಗಿಸಿದ ಕಡೆಗೇ ಸೈಕಲ್ಲನ್ನೂ ತಿರುಗಿಸಿಬಿಡುತ್ತಾರೆ. ಬಲಕ್ಕೆ ನೋಡಿ ಬಲಕ್ಕೇ ಹೋಗಿ ಬೈಕಿನ ಮುಂದೆ ನಿಲ್ಲುತ್ತಾರೆ. ಕಬ್ಬನ್ ಪಾರ್ಕಿನೊಳಗೆ ಭಾನುವಾರ ಮೋಟಾರು ಗಾಡಿ ಬಿಡುವುದಿಲ್ಲ. ಅಲ್ಲಿ ಹೋಗಿ ನೆಲದ ಮೇಲಿನ ಒಂದು ಗೆರೆ ಹಿಡಿದು ಓಡಿಸು, ಹಿಂದೆ ನೋಡು, ಗೆರೆ ಬಿಡಬೇಡ. ಆಮೇಲೆ ಒಂದು ಕೈ ಬಿಟ್ಟು ಸಿಗ್ನಲ್ ತೋರಿಸುವುದನ್ನು ಕಲಿ. ಈ ಎರಡೂ ಬರುವ ತನಕ ಮೇನ್ ರೋಡ್ ಮಾತೇ ಬೇಡ.

ಈಗ ನಾನು ನಿಜವಾಗಿ ಹೇಳಬೇಕಿರುವುದು. ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗಬೇಡ.

1986ರಲ್ಲಿ ನಾನು ಮಲ್ಲೇಶ್ವರದಿಂದ ರಾಜಾಜಿನಗರದ ಸ್ಕೂಲಿಗೆ ಪಾಠ ಮಾಡಲು ಹೋಗುತ್ತಿದ್ದೆ. ಆಗ ಬಸ್ಸಿನ ಹೆಸರು ಬಿಟಿಎಸ್. ಬಿಟ್ರೆ ತಿರ್ಗಾ ಸಿಗಲ್ಲ ಅಂತ ಜನ ಅದನ್ನು ಬಿಡಿಸಿ ಹೇಳುತ್ತಿದ್ದರು. ಆ ಕಾಟಕ್ಕೇ ಸೈಕಲ್ ಕೊಂಡೆ. ಸೀರೆ ಉಟ್ಟು ಸೈಕಲ್ ಹತ್ತಿದ ಟೀಚರ್ ಅಂದರೆ ನೋಡುವವರು ಬೇರೆ. ನನಗೆ ನಾಚಿಕೆ, ಭಯ ಎರಡೂ. ಯಾರಿಗೂ ಅಡ್ಡ ಆಗಬಾರದು ಅಂತ ಮೋರಿ ಪಕ್ಕದಲ್ಲೇ ಹೋಗುತ್ತಿದ್ದೆ. ಒಂದು ದಿನ ಹಿಂದಿನಿಂದ ಲಾರಿ ಹಾರ್ನ್ ಹೊಡೆಯಿತು. ಇನ್ನಷ್ಟು ಎಡಕ್ಕೆ ಸರಿದೆ. ಟಾರು ಮುಗಿದು ಮಣ್ಣು ಶುರುವಾಗುವ ಜಾಗದಲ್ಲಿ ಮುಂದಿನ ಚಕ್ರ ಸಿಕ್ಕಿಕೊಂಡಿತು. ನಾನು, ಸೈಕಲ್, ತಿದ್ದಿದ್ದ ಒಂದು ಕಟ್ಟು ನೋಟ್‌ಬುಕ್ ಎಲ್ಲಾ ಮೋರಿಗೆ. ಎತ್ತಿದ್ದು ಒಬ್ಬ ಹೂ ಮಾರುವ ಹೆಂಗಸು. "ರಸ್ತೆ ಇಷ್ಟಗಲ ಇದೆ, ನೀವ್ಯಾಕಮ್ಮ ಮೋರಿ ಹಿಡ್ಕೊಂಡು ಹೋಗ್ತೀರಾ?" ಅಂದಳು.

ಆಕೆ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನದಿಂದ ಅಂಚಿನಿಂದ ಸುಮಾರು ಒಂದು ಮೀಟರ್ ಒಳಗೆ ಓಡಿಸಲು ಶುರು ಮಾಡಿದೆ. ಅಂಚಿನಲ್ಲಿ ಏನಿರುತ್ತದೆ ನೋಡು. ಜಲ್ಲಿ, ಗಾಜಿನ ಚೂರು, ಮೋರಿಯ ಕಬ್ಬಿಣದ ಜಾಲರಿ, ಒನ್‌ವೇಯಲ್ಲಿ ಎದುರಿಗೆ ಬರುವ ಬೈಕು. ಹಿಂದಿನ ಕಾರಿನವನಿಗೂ ನೀನು ಮುದುರಿಕೊಂಡು ಹೋದರೆ "ಇಲ್ಲಿ ತೂರಬಹುದು" ಅನ್ನಿಸುತ್ತದೆ. ಸ್ವಲ್ಪ ಒಳಗಿದ್ದರೆ ಅವನು ನಿನ್ನನ್ನು ನೋಡಿ, ಸುತ್ತು ಹಾಕಿ ದಾಟಬೇಕಾಗುತ್ತದೆ. ಬೈಯುತ್ತಾನೆ, ಬೈಯಲಿ ಬಿಡು. ಬೈಯ್ದ ಅಂದರೆ ನೋಡಿದ ಅಂತ ತಾನೇ? ಹಾಗಂತ ನಡುರಸ್ತೆಗೆ ಹೋಗಬೇಡ, ಎಡಗಡೆಯ ಲೇನ್ ಸಾಕು. ನಿಂತ ಕಾರುಗಳ ಮಧ್ಯೆ ಜಾಗ ಸಿಕ್ಕಿತು ಅಂತ ಒಳಗೆ ಹೋಗಿ ಹೊರಗೆ ಬಂದು ಮಾಡಬೇಡ. ಒಂದೇ ಗೆರೆ.

ನಿಂತ ಕಾರಿನಿಂದಲೂ ಬಾಗಿಲಿನಷ್ಟು ದೂರ ಇರು. ಒಳಗೆ ಡ್ರೈವರ್ ಸೀಟಿನಲ್ಲಿ ತಲೆ ಕಂಡರೆ ಬಾಗಿಲು ಯಾವಾಗ ಬೇಕಾದರೂ ತೆರೆಯಬಹುದು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋದರೂ ಒಂದು ಸೆಕೆಂಡಿಗೆ ನಾಲ್ಕು ಮೀಟರ್ ಮುಂದೆ ಹೋಗಿರುತ್ತೀಯ. ಬಾಗಿಲು ತೆರೆದ ಮೇಲೆ ಬ್ರೇಕ್ ಹುಡುಕಲು ಸಮಯ ಇರಲ್ಲ. ಅಂದ ಹಾಗೆ ನಮ್ಮ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್. ಅದೊಂದನ್ನೇ ಗಟ್ಟಿಯಾಗಿ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರುತ್ತೀಯ. ಎರಡೂ ಒಟ್ಟಿಗೆ, ಮೆತ್ತಗೆ ಹಿಡಿ.

ಬಸ್ಸು ಸ್ಟಾಪಿನಲ್ಲಿ ನಿಂತಿದ್ದರೆ ಅದಕ್ಕೂ ಫುಟ್‌ಪಾತಿಗೂ ಮಧ್ಯೆ ಯಾವತ್ತೂ ತೂರಬೇಡ. ಎಷ್ಟೇ ಲೇಟಾಗಲಿ, ಹಿಂದೆ ನಿಲ್ಲು. ಇದೊಂದರಲ್ಲಿ ನಾನು ಕಟ್ಟುನಿಟ್ಟು. ಇಳಿಯುವ ಜನ ನಿನ್ನ ಮೇಲೆ ಬೀಳುತ್ತಾರೆ ಅನ್ನುವುದು ಸಣ್ಣ ಮಾತು. ಡ್ರೈವರಿಗೆ ಆ ಸಂದಿಯಲ್ಲಿ ನೀನು ಕಾಣುವುದೇ ಇಲ್ಲ. ಸಿಗ್ನಲ್‌ನಲ್ಲಿ ಲಾರಿಯ ಎಡಗಡೆ ನಿಲ್ಲುವುದೂ ಅಷ್ಟೇ. ಅದು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಬರುತ್ತದೆ. ಆಟೋದವರದು ಬೇರೆಯೇ ಭಾಷೆ. ಕೆಲವರು ಕಾಲು ಹೊರಗೆ ಚಾಚಿ ಸಿಗ್ನಲ್ ಕೊಡುತ್ತಾರೆ, ಕೆಲವರು ಏನೂ ಕೊಡದೆ ನಿಲ್ಲಿಸುತ್ತಾರೆ. ಫುಟ್‌ಪಾತಿನಲ್ಲಿ ಯಾರಾದರೂ ಕೈ ಎತ್ತಿದರು ಅಂದರೆ ಮುಂದಿನ ಆಟೋ ನಿಂತೇ ಬಿಟ್ಟಿತು ಅಂದುಕೋ.

ದಾರಿ ವಿಷಯದಲ್ಲಿ ಮ್ಯಾಪ್ ಹೇಳಿದ್ದನ್ನೇ ಕೇಳಬೇಡ. ಡೈರಿ ಸರ್ಕಲ್, ಹೊಸೂರು ರಸ್ತೆ ಬೇಡ. ತಿಲಕನಗರ, ಗುರಪ್ಪನಪಾಳ್ಯ, ತಾವರೆಕೆರೆ ಅಂತ ಒಳಗೊಳಗೇ ಹೋಗು. ಅಲ್ಲಿ ರಶ್ ಜಾಸ್ತಿ, ನಿಜ. ಆದರೆ ಎಲ್ಲರೂ ನಿಧಾನ. ನನಗೆ ಗಿಜಿಗುಡುವ ರಸ್ತೆಗಿಂತ ಖಾಲಿ ಇದ್ದು ಗಾಡಿಗಳು ರೊಯ್ಯನೆ ಹೋಗುವ ರಸ್ತೆ ಕಂಡರೇ ಭಯ. ಸೈಕಲ್ ಲೇನ್ ನಂಬಿಕೊಂಡು ಕೂರಬೇಡ. 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಒಂದು ಮಾಡಿದರು, ಅದರಲ್ಲಿ ಬೈಕುಗಳೇ ನುಗ್ಗಿದವು.

ಮಳೆ ಬಂದರೆ ಸೈಕಲ್ ಆಫೀಸಿನಲ್ಲೇ ಬಿಟ್ಟು ಬಾ. ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಮೇಲಿಂದ ಗೊತ್ತಾಗಲ್ಲ. ಜೀಬ್ರಾ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ ಒದ್ದೆಯಾದರೆ ಜಾರುತ್ತವೆ. ಮೇ ತಿಂಗಳಲ್ಲಿ ಗುಲ್‌ಮೊಹರ್ ಹೂವು ಉದುರಿ ಮೇಲೆ ಒಂದು ಮಳೆ ಬಿದ್ದರೆ ಬಾಳೆಹಣ್ಣಿನ ಸಿಪ್ಪೆಯೇ ಸರಿ. ಫೋಟೋಗೆ ಚೆನ್ನ, ಬ್ರೇಕ್ ಹಾಕಲು ಅಲ್ಲ.

ದುಪಟ್ಟಾ ಬೇಡ, ಅಥವಾ ಗಂಟು ಹಾಕು. ಚೈನಿಗೆ ಸಿಕ್ಕ ಸೆರಗು ಬಿಡಿಸಲು ಕತ್ತರಿಯೇ ಬೇಕಾಯಿತು ನನಗೆ. ಹಿಂದೆ ಕೆಂಪು ಲೈಟ್, ಮುಂದೆ ಬಿಳಿ, ತಲೆಗೆ ಹೆಲ್ಮೆಟ್. ಕಿವಿಗೆ ಏನೂ ಬೇಡ. ಹಿಂದೆ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಆಫೀಸು ತಲುಪಿದ ಮೇಲೆ ಅಪ್ಪನಿಗೆ ಒಂದು ಮೆಸೇಜ್ ಹಾಕು, ಪಾಪ.

2017ರಲ್ಲಿ ಇಲ್ಲಿ ಟ್ರಿಣ್ ಟ್ರಿಣ್ ಅನ್ನುವ ಸಾರ್ವಜನಿಕ ಬಾಡಿಗೆ ಸೈಕಲ್ ಬಂದಾಗ ನಾನೂ ಒಂದು ಕಾರ್ಡ್ ಮಾಡಿಸಿದ್ದೆ. ಸುಮಾರು ಇಪ್ಪತ್ತು ವರ್ಷ ಬಿಟ್ಟಿದ್ದೆ, ಎರಡೇ ತುಳಿತಕ್ಕೆ ವಾಪಸ್ ಬಂತು. ಈಗ ಮಂಡಿ ಸ್ವಲ್ಪ ತಕರಾರು ಮಾಡುತ್ತದೆ. ಮುಂದಿನ ತಿಂಗಳು ಬರುತ್ತೇನೆ. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ನನಗೂ ಒಂದು ರೌಂಡ್ ಕೊಡು. ಸೀಟ್ ಇಳಿಸುವ ಸ್ಪ್ಯಾನರ್ ತಂದಿರು, ನಿನ್ನಷ್ಟು ಉದ್ದ ಇಲ್ಲ ನಾನು.

ಪ್ರೀತಿಯಿಂದ,
ಅತ್ತೆ