ಹೀ, ಶೀ, ದೇ ಕಲಿಸಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ನವಲಗುಂದದ ಕಡೆಯ ಶಾಲೆಗೆ ವರ್ಗವಾದ ಮೇಲೆ ನಾಲ್ಕು ಮತ್ತು ಐದನೆಯ ತರಗತಿಗಳ ಇಂಗ್ಲಿಷ್ ನಿನ್ನ ಪಾಲಿಗೆ ಬಂದಿರುವುದನ್ನೂ, ಸರ್ವನಾಮದ ಪಾಠ ಮುಗಿದ ಮೇಲೂ ಮಕ್ಕಳ ಬರಹದಲ್ಲಿ ಹೀ, ಶೀ, ದೇ ಅದಲುಬದಲಾಗುತ್ತಲೇ ಇರುವುದನ್ನೂ ಬರೆದಿದ್ದೀಯ. ಕೋಷ್ಟಕವನ್ನು ಬೋರ್ಡಿನ ಮೇಲೆ ಬರೆದು, ಬಾಯಿಪಾಠ ಮಾಡಿಸಿ, ಬಿಟ್ಟ ಸ್ಥಳ ತುಂಬಿಸಿದ್ದಾಯಿತು, ಇನ್ನೇನು ಮಾಡಲಿ ಎಂದು ಕೇಳಿದ್ದೀಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮಕ್ಕಳ ತಪ್ಪುಗಳಲ್ಲಿ ಹೆಚ್ಚಿನವು ಗಮನವಿಲ್ಲದೆ ಆದವಲ್ಲ. ಕನ್ನಡವನ್ನು ಸರಿಯಾಗಿ ಬಲ್ಲ ಮಗು ಮಾತ್ರ ಮಾಡಬಹುದಾದ ತಪ್ಪುಗಳು ಅವು. ಆದ್ದರಿಂದ ಕೋಷ್ಟಕವನ್ನು ಕೊನೆಗಿಟ್ಟುಕೊಂಡು, ಕನ್ನಡವೂ ಇಂಗ್ಲಿಷೂ ದಾರಿ ಬೇರೆಯಾಗುವ ಜಾಗಗಳಿಂದಲೇ ಪಾಠ ಆರಂಭಿಸುವುದು ಮೇಲು.

ನೀನು ಕಳಿಸಿದ ವಾಕ್ಯವನ್ನೇ ನೋಡೋಣ. ‘ಮೈ ಫಾದರ್ ಈಸ್ ಎ ಫಾರ್ಮರ್. ದೇ ಆರ್ ವರ್ಕಿಂಗ್ ಇನ್ ದ ಫೀಲ್ಡ್’ ಎಂದು ಬರೆದ ಹುಡುಗಿಗೆ ಏಕವಚನ ಬಹುವಚನಗಳು ತಿಳಿಯುವುದಿಲ್ಲ ಎಂದು ನೀನು ಷರಾ ಬರೆದಿದ್ದೀಯ. ಅವಳಿಗೆ ಅವು ಚೆನ್ನಾಗಿಯೇ ತಿಳಿದಿವೆ. ಅಪ್ಪನನ್ನು ‘ಅವನು’ ಎನ್ನಬಾರದು, ‘ಅವರು’ ಎನ್ನಬೇಕು ಎಂಬುದನ್ನು ಮಾತು ಕಲಿಯುವ ವಯಸ್ಸಿನಲ್ಲಿಯೇ ಅವಳು ಕಲಿತಿದ್ದಾಳೆ. ‘ಅವರು’ ಎಂದರೆ ‘ದೇ’ ಎಂದು ಕೋಷ್ಟಕದಲ್ಲಿ ನೀನೇ ಬರೆಸಿದ್ದೀಯ. ಎರಡನ್ನೂ ಕೂಡಿಸಿ ಅವಳು ಮುಟ್ಟಿದ ತೀರ್ಮಾನದಲ್ಲಿ ತರ್ಕದ ದೋಷ ಏನೇನೂ ಇಲ್ಲ. ಇದನ್ನು ತಿದ್ದಲು ಬಹುವಚನದ ನಿಯಮವನ್ನು ಮತ್ತೊಮ್ಮೆ ಒಪ್ಪಿಸಿ ಪ್ರಯೋಜನವಿಲ್ಲ. ಇಂಗ್ಲಿಷಿನ ‘ಹೀ’ ಎಂಬುದರಲ್ಲಿ ಗೌರವವೂ ಇಲ್ಲ, ಅಗೌರವವೂ ಇಲ್ಲ. ಮುಖ್ಯಮಂತ್ರಿಗೂ ತಮ್ಮನಿಗೂ ಅದೊಂದೇ ಶಬ್ದ ಎಂಬುದನ್ನು ಕನ್ನಡದಲ್ಲಿಯೇ, ಬಾಯಿ ತುಂಬ ಹೇಳಬೇಕು. ಅಪ್ಪ, ಅಜ್ಜ, ಹೆಡ್‌ಮಾಸ್ಟರು, ಡ್ರೈವರು, ತಮ್ಮ, ಗೆಳೆಯ ಇವರ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಎತ್ತಿಸಿ, ಮೊದಲು ಕನ್ನಡದ ವಾಕ್ಯ, ಆಮೇಲೆ ಇಂಗ್ಲಿಷಿನದು ಹೇಳಿಸು. ಹೆಡ್‌ಮಾಸ್ಟರನ್ನು ‘ಹೀ’ ಎನ್ನಬೇಕಾದಾಗ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಕಿಸಕ್ಕೆಂದು ನಗುತ್ತಾರೆ. ನಗಲಿ ಬಿಡು, ಆ ಸಂಕೋಚ ಕಳೆಯುವವರೆಗೆ ‘ದೇ’ ಅವರನ್ನು ಬಿಡುವುದಿಲ್ಲ. ಒಬ್ಬರಿಗೇ ‘ದೇ’ ಎನ್ನುವ ರೂಢಿ ಇಂಗ್ಲಿಷಿನಲ್ಲಿಯೂ ಇದೆಯಲ್ಲ ಎಂದು ನೀನು ಕೇಳಬಹುದು. ಇದೆ, ಆದರೆ ಆ ವ್ಯಕ್ತಿ ಗಂಡೋ ಹೆಣ್ಣೋ ತಿಳಿಯದಿದ್ದಾಗ ಅಥವಾ ಹೇಳುವ ಅಗತ್ಯವಿಲ್ಲದಿದ್ದಾಗ ಬಳಸುವುದು ಅದು. ಮರ್ಯಾದೆಯ ಮಾತಿಗೂ ಅದಕ್ಕೂ ಸಂಬಂಧವಿಲ್ಲ.

‘ಯೂ’ ಎಂಬುದರ ತೊಂದರೆ ಇದಕ್ಕಿಂತ ಸೂಕ್ಷ್ಮವಾದದ್ದು, ಏಕೆಂದರೆ ಅದು ಪುಸ್ತಕದಲ್ಲಿ ತಪ್ಪಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಮಕ್ಕಳು ತಮ್ಮ ತಮ್ಮೊಳಗೆ ಸಲೀಸಾಗಿ ‘ಯೂ’ ಎನ್ನುತ್ತಾರೆ. ನಿನ್ನ ಎದುರಿಗೆ ಬಂದಾಗ ‘ಸರ್ ಹ್ಯಾವ್ ಪೆನ್?’ ಎಂದು ಆ ಶಬ್ದವನ್ನು ತಪ್ಪಿಸಿಕೊಂಡು ಹೋಗುತ್ತಾರೆ. ‘ಯೂ’ ಎಂದರೆ ‘ನೀನು’ ಎಂದು ಮೊದಲ ದಿನ ಹೇಳಿಕೊಟ್ಟದ್ದೇ ಇದಕ್ಕೆ ಕಾರಣ. ಅದನ್ನು ‘ನೀವು’ ಎಂದೇ ಪರಿಚಯಿಸಿದರೆ ಅರ್ಧ ಭಯ ಅಲ್ಲಿಗೇ ಹೋಗುತ್ತದೆ, ಮತ್ತು ಹಾಗೆ ಪರಿಚಯಿಸುವುದರಲ್ಲಿ ಸುಳ್ಳೂ ಇಲ್ಲ. ಇಂಗ್ಲಿಷಿನಲ್ಲಿ ಹಿಂದೆ ಒಬ್ಬನನ್ನು ಕುರಿತು ಹೇಳಲು ‘ದೌ’ ಎಂಬ ಬೇರೆಯ ಶಬ್ದವಿತ್ತು. 17ನೆಯ ಶತಮಾನ ಕಳೆಯುವಷ್ಟರಲ್ಲಿ ಅದು ಸಾಮಾನ್ಯ ಮಾತಿನಿಂದ ಬಹುಮಟ್ಟಿಗೆ ಮರೆಯಾಗಿ, ಬಹುವಚನದ ‘ಯೂ’ ಒಬ್ಬರಿಗೂ ಹಲವರಿಗೂ ಉಳಿಯಿತು. ಒಬ್ಬನೇ ಎದುರಿಗಿದ್ದರೂ ‘ಯೂ ಈಸ್’ ಎನ್ನದೆ ‘ಯೂ ಆರ್’ ಎನ್ನುವುದೇಕೆ ಎಂದು ಚುರುಕಿನ ಮಗುವೊಂದು ಕೇಳಿದರೆ ಇದೇ ಉತ್ತರವಾಗುತ್ತದೆ.

ಇನ್ನು ಸರ್ವನಾಮವನ್ನೇ ನುಂಗಿಬಿಡುವ ಅಭ್ಯಾಸ. ‘ಯೆಸ್ಟರ್ಡೇ ವೆಂಟ್ ಟು ಜಾತ್ರೆ. ಸಾ ಎ ರಥ’ ಎಂಬಂಥ ವಾಕ್ಯಗಳು ನನ್ನ ತರಗತಿಯಲ್ಲಿಯೂ ಧಾರಾಳವಾಗಿವೆ. ನಮ್ಮ ಕ್ರಿಯಾಪದದ ಬಾಲದಲ್ಲಿಯೇ ಕರ್ತೃ ಕುಳಿತಿರುವುದರಿಂದ ‘ನಾನು’ ಎಂದು ಬೇರೆಯಾಗಿ ಹೇಳುವುದು ನಮಗೆ ಒತ್ತಿ ಹೇಳಿದಂತೆ ಕೇಳಿಸುತ್ತದೆ. ಇದನ್ನು ವಿವರಿಸುವ ಬದಲು ನಾನು ಒಂದು ಆಟ ಆಡಿಸುತ್ತೇನೆ. ಮಕ್ಕಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ‘ಬಂದಳು’ ಎನ್ನುತ್ತೇನೆ, ಬಂದವರು ಯಾರು ಎಂದು ಕೇಳುತ್ತೇನೆ. ‘ಹುಡುಗಿ, ಹುಡುಗಿ’ ಎಂದು ಕೂಗುತ್ತಾರೆ. ‘ಬಂದೆವು’ ಎಂದರೆ ‘ನಾವು’, ‘ಬಂತು’ ಎಂದರೆ ‘ನಾಯಿ’ ಎಂದೋ ‘ಬಸ್ಸು’ ಎಂದೋ ಉತ್ತರ ಬರುತ್ತದೆ. ಆಮೇಲೆ ‘ಕೇಮ್’ ಎನ್ನುತ್ತೇನೆ. ತರಗತಿ ಸುಮ್ಮನಾಗುತ್ತದೆ, ಕೆಲವರು ಕಣ್ಣು ಬಿಟ್ಟು ನೋಡುತ್ತಾರೆ, ಒಬ್ಬ ಹುಡುಗನಂತೂ ‘ಯಾರು ಅಂತ ಹೇಳಿಲ್ವಲ್ಲ ಮೇಷ್ಟ್ರೇ’ ಎಂದು ನನ್ನ ಮೇಲೆಯೇ ದೂರು ಹೇಳಿದ. ಹೇಳಲೇಬೇಕು ಎಂಬ ನಿಯಮ ಅವನ ಬಾಯಿಂದಲೇ ಬಂದಂತಾಯಿತು. ಇಂಗ್ಲಿಷಿನ ಕ್ರಿಯಾಪದ ತನ್ನ ಬಾಲವನ್ನು ಹೆಚ್ಚುಕಡಿಮೆ ಕಳೆದುಕೊಂಡಿರುವುದರಿಂದ ಅಲ್ಲಿ ಸರ್ವನಾಮ ಬಿಟ್ಟರೆ ಬಂದವರು ಯಾರೆಂಬುದೇ ತಿಳಿಯುವುದಿಲ್ಲ. ‘ಹೀ ಗೋಸ್’ ಎನ್ನುವಲ್ಲಿ ಉಳಿದಿರುವ ‘ಸ್’ ಆ ಹಳೆಯ ಬಾಲದ ತುಣುಕು, ಮಕ್ಕಳು ಅದನ್ನೂ ಬಿಡುತ್ತಾರೆ; ಆದರೆ ಅದು ಬೇರೆಯ ಪಾಠ.

‘ಇಟ್ ಈಸ್ ರೇನಿಂಗ್’ ಎಂಬಲ್ಲಿ ‘ಇಟ್’ ಯಾರು ಎಂದು ಕೇಳಿದರೆ, ಯಾರೂ ಅಲ್ಲ, ಖಾಲಿ ಕುರ್ಚಿಯಲ್ಲಿ ಸುಮ್ಮನೆ ಕೂರಿಸಿದ್ದಾರೆ ಎಂದು ಹೇಳಿ ಮುಂದೆ ಹೋಗು. ‘ರೇನ್ ಈಸ್ ಕಮಿಂಗ್’ ಎಂದು ಮಾತಿನಲ್ಲಿ ಹೇಳುವ ಮಗುವನ್ನು ಈ ವಯಸ್ಸಿನಲ್ಲಿ ತಡೆದು ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ.

ನಿಜವಾಗಿ ಹೆಚ್ಚು ಸಮಯ ಬೇಡುವುದು ‘ನನಗೆ’ ಎಂಬುದು. ಅಪ್ಪ ನನಗೆ ಪುಸ್ತಕ ಕೊಟ್ಟರು ಎನ್ನುವಾಗ ‘ನನಗೆ’ ಇದ್ದಲ್ಲಿ ‘ಮೀ’ ಬರುತ್ತದೆ ಎಂದು ಹೇಳಿಕೊಡುತ್ತೇವೆ, ಮಗು ಒಪ್ಪಿಕೊಳ್ಳುತ್ತದೆ. ಅದೇ ಮಗು ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ಇಬ್ಬರು ಅಕ್ಕಂದಿರು, ನನಗೆ ಮಾವಿನಹಣ್ಣು ಇಷ್ಟ ಎಂದು ದಿನವಿಡೀ ಮಾತನಾಡುವುದರಿಂದ, ‘ಮೀ ನೋ’, ‘ಮೀ ಲೈಕ್ ಮ್ಯಾಂಗೋ’ ಎಂದು ಹೇಳಿದರೆ ಕಲಿಸಿದ್ದನ್ನು ಪಾಲಿಸಿದಂತೆಯೇ ಆಯಿತು. ನಾವು ಹಸಿವು, ತಿಳಿವಳಿಕೆ, ಇಷ್ಟ, ನಂಟು ಇವುಗಳೆಲ್ಲ ನಮಗೆ ಆಗುತ್ತವೆ, ನಮಗೆ ಇರುತ್ತವೆ ಎನ್ನುತ್ತೇವೆ. ಇಂಗ್ಲಿಷು ಅಲ್ಲೆಲ್ಲ ‘ಐ’ ಎಂಬುದನ್ನೇ ಮುಂದೆ ನಿಲ್ಲಿಸುತ್ತದೆ. ಈ ವಾಕ್ಯಗಳನ್ನು ವಿಭಕ್ತಿಯ ನಿಯಮದಿಂದ ಕಲಿಸಲು ಹೋಗಬೇಡ. ಐ ನೋ, ಐ ವಾಂಟ್, ಐ ಲೈಕ್, ಐ ಹ್ಯಾವ್, ಐ ಆಮ್ ಹಂಗ್ರಿ ಇವನ್ನು ಇಡಿಯಾಗಿ, ಬಿಡಿಸದೆ, ದಿನನಿತ್ಯದ ಬಳಕೆಯಿಂದ ನಾಲಿಗೆಗೆ ಹತ್ತಿಸು. ಬಿಸಿಯೂಟದ ಸಾಲಿನಲ್ಲಿ ನಿಂತಾಗ ‘ಐ ವಾಂಟ್ ರೈಸ್’ ಎಂದು ಹೇಳಿಸುವುದಕ್ಕೆ ಬೇರೆ ಪೀರಿಯಡ್ ಬೇಕಾಗಿಲ್ಲ.

ಲಿಂಗದ ವಿಷಯದಲ್ಲಿ ನಿನ್ನ ಕಡೆಯ ಮಕ್ಕಳಿಗೆ ಅನುಕೂಲವೇ ಹೆಚ್ಚು. ಅಂವ ಬಂದಾನ, ಅಕಿ ಬಂದಾಳ ಎನ್ನುವಲ್ಲಿ ಹೀ ಮತ್ತು ಶೀ ನೇರವಾಗಿ ಕೂಡುತ್ತವೆ. ನನ್ನ ತಿಪಟೂರಿನ ಕಡೆ ಪ್ರೀತಿಯಿಂದ ‘ಹುಡುಗಿ ಓದ್ತಾ ಇದೆ’ ಎನ್ನುವ ಮನೆಗಳಿವೆ. ಹವ್ಯಕ ಕನ್ನಡದಲ್ಲಿ ಹೆಣ್ಣುಮಕ್ಕಳನ್ನು ‘ಅದು’ ಎನ್ನುವುದೇ ರೂಢಿ. ಅಂಥ ಮನೆಯ ಮಗು ತಂಗಿಯನ್ನು ‘ಇಟ್’ ಎಂದರೆ ಗದರಬೇಕಾಗಿಲ್ಲ, ಎಲ್ಲಿಂದ ಬಂತೆಂದು ತಿಳಿದಿದ್ದರೆ ಸಾಕು. ಎಲ್ಲ ಕಡೆಯೂ ಎಡವುವುದು ಸೂರ್ಯಚಂದ್ರರಲ್ಲಿ. ನಮಗೆ ಸೂರ್ಯ ಹುಟ್ಟುತ್ತಾನೆ, ಚಂದ್ರ ನಗುತ್ತಾನೆ. ಮಗು ‘ಸನ್ ಈಸ್ ಹಾಟ್. ಹೀ ಕಮ್ಸ್ ಇನ್ ದ ಮಾರ್ನಿಂಗ್’ ಎಂದು ಬರೆಯುತ್ತದೆ. ಇಂಥ ವಾಕ್ಯದ ಮೇಲೆ ಕೆಂಪು ಗೀಟು ಎಳೆಯಲು ನನಗೆ ಮನಸ್ಸು ಬರುವುದಿಲ್ಲ, ಪಕ್ಕದಲ್ಲಿ ಪೆನ್ಸಿಲಿನಿಂದ ‘ಇಟ್’ ಎಂದು ಬರೆದಿಡುತ್ತೇನೆ. ಇದಕ್ಕೆ ತಿರುಗುಮುರುಗಾಗಿ, ಕಥೆಯ ಸಿಂಹ ನರಿಗಳನ್ನು ನಾವು ‘ಅದು’ ಎನ್ನುತ್ತೇವೆ, ಇಂಗ್ಲಿಷಿನ ಮಕ್ಕಳ ಕಥೆಗಳಲ್ಲಿ ಅವು ಹೆಚ್ಚಾಗಿ ‘ಹೀ’ ಆಗಿರುತ್ತವೆ. ಓದಿಸುವ ಮೊದಲು ಒಂದು ಮಾತು ಹೇಳಿದರೆ ಗೊಂದಲವಾಗದು.

‘ತನ್ನ’ ಎಂಬುದು ಮತ್ತೊಂದು ಬಲೆ. ಗಂಗೆ ತನ್ನ ಅಣ್ಣನನ್ನು ಕರೆದಳು ಎಂಬಲ್ಲಿ ‘ತನ್ನ’ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಹಿಸ್ ಅಥವಾ ಹರ್ ಆರಿಸಬೇಕಾದಾಗ ಮಗು ಪಕ್ಕದಲ್ಲಿರುವ ಅಣ್ಣನನ್ನು ನೋಡಿ ‘ಗಂಗಾ ಕಾಲ್ಡ್ ಹಿಸ್ ಬ್ರದರ್’ ಎಂದು ಬರೆಯುತ್ತದೆ. ಯಾರ ಅಣ್ಣ ಎಂದು ಕೇಳುವುದನ್ನು ರೂಢಿಸಿದರೆ ಸಾಕು, ಗಂಗೆಯ ಅಣ್ಣ ಎಂದ ಕೂಡಲೇ ಮಗುವೇ ‘ಹರ್’ ಎಂದು ತಿದ್ದಿಕೊಳ್ಳುತ್ತದೆ.

ಒಟ್ಟಾಗಿ ಹೇಳಿಸುವ ಪದ್ಧತಿಯ ಬಗ್ಗೆ ಒಂದು ಎಚ್ಚರಿಕೆ. ನೀನು ಕೈಯಲ್ಲಿ ಚೆಂಡು ಹಿಡಿದು ‘ಐ ಹ್ಯಾವ್ ದ ಬಾಲ್’ ಎಂದರೆ, ಬರಿಗೈಯಲ್ಲಿ ಕುಳಿತ ಇಡೀ ತರಗತಿ ‘ಐ ಹ್ಯಾವ್ ದ ಬಾಲ್’ ಎಂದು ಕಿರುಚುತ್ತದೆ. ನಾಮಪದಕ್ಕೆ ಇದು ನಡೆದೀತು, ಸರ್ವನಾಮಕ್ಕೆ ನಡೆಯದು, ಏಕೆಂದರೆ ಬಾಯಿ ಬದಲಾದಾಗ ಅರ್ಥವೂ ಬದಲಾಗುವ ಶಬ್ದಗಳಿವು. ಚೆಂಡು ಹಿಡಿದವಳು ‘ಐ ಹ್ಯಾವ್’ ಎನ್ನಲಿ, ಅವಳ ಎದುರಿಗಿರುವವನು ‘ಯೂ ಹ್ಯಾವ್’ ಎನ್ನಲಿ, ಕಿಟಕಿಯ ಬಳಿ ಕುಳಿತವನು ‘ಶೀ ಹ್ಯಾಸ್’ ಎನ್ನಲಿ. ಚೆಂಡು ಕೈಯಿಂದ ಕೈಗೆ ಹೋದಂತೆ ಮಾತೂ ತಿರುಗಲಿ. ನಾವು ಐದನೆಯ ತರಗತಿಗೆ ಬಂದ ಮೇಲೆ ಎಬಿಸಿಡಿ ಕಲಿತವರು, ವ್ಯಾಕರಣದ ಪುಸ್ತಕದಿಂದಲೇ ಇಂಗ್ಲಿಷಿಗೆ ಹೋದೆವು. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಆ ವಯಸ್ಸಿನ ಮಗುವಿಗೆ ‘ಸರ್ವನಾಮ’ ಎಂಬ ಶಬ್ದವೇ ಕನ್ನಡದಲ್ಲಿ ಇನ್ನೂ ಪರಿಚಯವಾಗಿರುವುದಿಲ್ಲ ಎಂಬುದನ್ನು ಮರೆತು ಕೋಷ್ಟಕ ಬರೆಸುವವರು ಇಂದಿಗೂ ಇದ್ದಾರೆ.

ಪರೀಕ್ಷೆಯ ಮಾತು ಎತ್ತಿದ್ದೀಯ. ಬಿಟ್ಟ ಸ್ಥಳ ತುಂಬಿರಿ ಎಂಬ ಪ್ರಶ್ನೆಯನ್ನು ತೆಗೆದುಹಾಕುವುದು ನಮ್ಮ ಕೈಯಲ್ಲಿಲ್ಲ, ಆದರೆ ಖಾಲಿ ಜಾಗದ ಹಿಂದೆ ಯಾರ ವಿಷಯವೆಂಬುದು ತಿಳಿಯುವಂತೆ ಇನ್ನೊಂದು ವಾಕ್ಯ ಸೇರಿಸುವುದು ಖಂಡಿತ ನಮ್ಮ ಕೈಯಲ್ಲಿದೆ. ಮುಂದಿನ ಸಲ ಬರೆಯುವಾಗ ಐದನೆಯ ತರಗತಿಯವರು ಅಜ್ಜಿಯ ಬಗ್ಗೆ ಬರೆದ ಒಂದೆರಡು ಪುಟಗಳ ಫೋಟೋ ತೆಗೆದು ಕಳಿಸು. ತಿದ್ದುವ ಮೊದಲೇ ತೆಗೆದದ್ದಾಗಿರಲಿ. ‘ಶೀ’ ಎಷ್ಟು ಕಡೆ ‘ದೇ’ ಆಗಿದೆ ಎಂದು ನನ್ನ ಮಕ್ಕಳ ಬರಹದೊಡನೆ ಇಟ್ಟು ನೋಡಬೇಕಾಗಿದೆ.

ಮನೆಯವರಿಗೆಲ್ಲ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತಿ ನಿನ್ನ ಗೆಳೆಯ