ಅರ್ಧಕ್ಕೆ ನಿಂತ ಮನೆಗಳು

ಅಮೆರಿಕದಲ್ಲಿರುವ ನಮ್ಮ ಕನ್ನಡ ಸಂಘದ ಸೇವಾನಿಧಿಯಲ್ಲಿ ಈ ವರ್ಷ ಸ್ವಲ್ಪ ದುಡ್ಡು ಉಳಿದಿದೆ. ಯುಗಾದಿ ಊಟ, ರಾಜ್ಯೋತ್ಸವದ ನಾಟಕ, ಮಕ್ಕಳ ಕನ್ನಡ ತರಗತಿಯ ಬಾಡಿಗೆ ಎಲ್ಲ ಕಳೆದು ಉಳಿದದ್ದು. ಅದನ್ನು ಊರಿಗೆ ಕಳಿಸಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಯಾತಕ್ಕೆ ಎನ್ನುವುದರಲ್ಲಿ ಮಾತ್ರ ಇದೆ. ನಮ್ಮಲ್ಲಿ ಕೇರಳದ ಕಾಸರಗೋಡು ಕಡೆಯವರು ಜಾಸ್ತಿ. ಹಾಗಾಗಿ ಅಲ್ಲೇ ಒಂದು ಬಡ ಕುಟುಂಬಕ್ಕೆ ಮನೆ ಕಟ್ಟಿಸಿಕೊಡೋಣ ಎಂಬ ಸಲಹೆಗೆ ಬೆಂಬಲವೂ ಜಾಸ್ತಿ. ಗೋಡೆಗೆ ಸಂಘದ ಹೆಸರಿನ ಫಲಕ, ಕೀಲಿಕೈ ಕೊಡುವ ಫೋಟೋ, ಸುದ್ದಿಪತ್ರದ ಮುಖಪುಟ. ಸಂಪಾದಕನ ಕೆಲಸವೂ ಹಗುರ.

ನನ್ನ ಅಭಿಪ್ರಾಯ ಬೇರೆ. ಹೊಸ ಮನೆ ಬೇಡ. ಅರ್ಧಕ್ಕೆ ನಿಂತ ಮನೆಗಳನ್ನು ಮುಗಿಸೋಣ. ಮುಗಿದ ಮನೆಗೆ ದಾರಿಯೋ ನೀರೋ ಇಲ್ಲದಿದ್ದರೆ ಅದನ್ನು ಮಾಡೋಣ.

ಯಾಕೆ ಅಂತ ಹೇಳುತ್ತೇನೆ. ಕೇರಳದಲ್ಲಿ ಬಡವರ ಮನೆಗೆ ಸರಕಾರದ ದುಡ್ಡು ಇಲ್ಲ ಎನ್ನುವಂತಿಲ್ಲ. 2016ರಲ್ಲಿ ಶುರುವಾದ ಲೈಫ್ ಮಿಷನ್ ಯೋಜನೆಯಲ್ಲಿ ಒಂದು ಮನೆಗೆ 4 ಲಕ್ಷ ರೂಪಾಯಿ ಸಿಗುತ್ತದೆ. ಕೇಂದ್ರದ ಆವಾಸ್ ಯೋಜನೆ ಗ್ರಾಮೀಣ ಮನೆಗೆ ಕೊಡುವುದು 1.20 ಲಕ್ಷ. ಅಲ್ಲಿ ರಾಜ್ಯ ಮತ್ತು ಪಂಚಾಯತುಗಳು ತಮ್ಮ ಪಾಲು ಸೇರಿಸಿ ಅದನ್ನೂ 4 ಲಕ್ಷ ಮಾಡುತ್ತವೆ. ಮನೆ ಸುಮಾರು 400 ಚದರ ಅಡಿಯದ್ದು. ನಾವಿಲ್ಲಿ ಕಾರು ನಿಲ್ಲಿಸುವ ಗ್ಯಾರೇಜು ಅದಕ್ಕಿಂತ ಸಣ್ಣದೇನೂ ಅಲ್ಲ, ಆ ಮಾತು ಇರಲಿ.

ಈ ದುಡ್ಡು ಒಟ್ಟಿಗೆ ಕೈಗೆ ಬರುವುದಿಲ್ಲ. ಕಂತಿನಲ್ಲಿ ಬರುತ್ತದೆ. ಪಂಚಾಂಗ ಹಾಕಿದ ಮೇಲೆ ಒಂದು ಕಂತು, ಗೋಡೆ ಎದ್ದ ಮೇಲೆ ಒಂದು, ತಾರಸಿ ಆದ ಮೇಲೆ ಇನ್ನೊಂದು. (ಬಯಲುಸೀಮೆಯ ಓದುಗರೇ, ಪಂಚಾಂಗ ಎಂದರೆ ನಮ್ಮ ಕಡೆ ಮನೆಯ ತಳಪಾಯ. ಜೋಯಿಸರನ್ನು ಕರೆಯಬೇಡಿ.) ಅಂದರೆ ಹೆಚ್ಚಾಗಿ ಕೆಲಸ ಮೊದಲು, ದುಡ್ಡು ಆಮೇಲೆ. ದಿನಗೂಲಿಯ ಮನೆಯಲ್ಲಿ ಆ ಮೊದಲಿನ ದುಡ್ಡು ಎಲ್ಲಿಂದ ಬರಬೇಕು? ಅಂಗಡಿಯಲ್ಲಿ ಸಿಮೆಂಟು ಸಾಲ, ಕೋರೆಯಲ್ಲಿ ಕೆಂಪುಕಲ್ಲು ಸಾಲ, ಮೇಸ್ತ್ರಿಗೆ ಅರ್ಧ ಕೂಲಿ ಬಾಕಿ. ನಡುವೆ ಯಾರಿಗಾದರೂ ಒಮ್ಮೆ ಆಸ್ಪತ್ರೆ ವಾಸವಾದರೆ ಸಾಕು, ಗೋಡೆ ಅಲ್ಲಿಗೇ ನಿಲ್ಲುತ್ತದೆ.

ನಿಂತ ಗೋಡೆ ನಮ್ಮ ಊರಿನಲ್ಲಿ ಸುಮ್ನೆ ನಿಂತಿರುವುದಿಲ್ಲ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹತ್ತಿರ ಬಂತೆಂದರೆ ಕೆಲಸದವರೂ ಸಿಗುವುದಿಲ್ಲ, ಹೊಯಿಗೆಯೂ (ಮರಳು) ಸಿಗುವುದಿಲ್ಲ. ಅದಕ್ಕೆ ಮೊದಲು ಮಾಡು (ಛಾವಣಿ) ಆಗದಿದ್ದರೆ ಗೋಡೆಗೆ ಪೂರ್ತಿ ಮಳೆಗಾಲದ ನೀರು. ಒಳ್ಳೆಯ ಕೆಂಪುಕಲ್ಲು ತಡೆಯುತ್ತದೆ. ಆದರೆ ಕಡಿಮೆ ಬೆಲೆಗೆ ಸಿಗುವುದು ಮೆತ್ತನೆಯ ಕಲ್ಲು. ಪಾಚಿ ಹಿಡಿಯುತ್ತದೆ, ಕಲ್ಲಿನ ಸಂದಿಯ ಮಣ್ಣು ತೊಳೆದು ಹೋಗುತ್ತದೆ, ಹೊರಗೆ ಚಾಚಿದ ಕಂಬಿಗೆ ತುಕ್ಕು. ಎರಡು ಮಳೆಗಾಲ ಹೀಗೆ ಕಳೆದರೆ ಅರ್ಧ ಮನೆಯ ಬೆಲೆ ಕಾಲು ಮನೆಯದ್ದಾಗುತ್ತದೆ. ಮನೆಯವರು ಪಕ್ಕದಲ್ಲೇ ಟಾರ್ಪಾಲು ಕಟ್ಟಿಕೊಂಡು ಇರುತ್ತಾರೆ.

ಇದು ನಾಲ್ಕೆಂಟು ಮನೆಗಳ ಕಥೆ ಅಂತ ತಿಳಿಯಬೇಡಿ. ಲೈಫ್ ಮಿಷನ್‌ನ ಮೊದಲ ಹಂತವೇ ಹೊಸ ಮನೆ ಕಟ್ಟುವುದಾಗಿರಲಿಲ್ಲ. ಹಿಂದಿನ ಯೋಜನೆಗಳಲ್ಲಿ ಶುರುವಾಗಿ ನಿಂತುಹೋದ ಮನೆಗಳನ್ನು ಮುಗಿಸುವುದು. ಅಂಥವು ರಾಜ್ಯದಲ್ಲಿ 50 ಸಾವಿರಕ್ಕಿಂತ ಜಾಸ್ತಿ ಇದ್ದವು. ಜಾಗ ಇದ್ದು ಮನೆ ಇಲ್ಲದವರು ಎರಡನೇ ಹಂತದಲ್ಲಿ, ಜಾಗವೂ ಇಲ್ಲದವರು ಮೂರನೇ ಹಂತದಲ್ಲಿ ಬಂದರು. ಸರಕಾರಕ್ಕೆ ಹೊಳೆದ ಈ ಕ್ರಮ ನಮಗೂ ಹೊಳೆಯಬೇಕು ಎಂಬುದಷ್ಟೇ ನನ್ನ ವಾದ.

ಇಲ್ಲಿ ಒಬ್ಬರು ಎದ್ದುನಿಂತು ಕೇಳುತ್ತಾರೆ, ಗೊತ್ತು. ಕಿಳಿಂಗಾರು ಸಾಯಿರಾಂ ಭಟ್ಟರು ಕಟ್ಟಿಕೊಡಲಿಲ್ಲವಾ? ಸಂಘ ಇರಲಿಲ್ಲ, ಸಮಿತಿ ಇರಲಿಲ್ಲ, ಒಬ್ಬರೇ ಅಲ್ವಾ?

ಹೌದು. ಸಾಯಿರಾಂ ಭಟ್ಟರು ಎಂದೇ ಹೆಸರಾದ, ಬದಿಯಡ್ಕದ ಹತ್ತಿರದ ಕಿಳಿಂಗಾರಿನ ಗೋಪಾಲಕೃಷ್ಣ ಭಟ್ಟರು ಕೃಷಿಕರು, ನಾಟಿ ವೈದ್ಯರು. 1995ರಲ್ಲಿ ಕಾಶಿಯಾತ್ರೆಗೆ ಅಂತ ಕೂಡಿಟ್ಟ ದುಡ್ಡಿತ್ತು. ಆಗ ಮಳೆಗೆ ಗುಡಿಸಲು ಬಿದ್ದ ಒಬ್ಬ ಮುಸ್ಲಿಂ ನೆರೆಯವರು ಸಹಾಯ ಕೇಳಿ ಬಂದರು. ಭಟ್ಟರು ಕಾಶಿಗೆ ಹೋಗಲಿಲ್ಲ. ಮನೆ ಕಟ್ಟಿಸಿದರು. ಅಲ್ಲಿಂದ ಶುರುವಾದದ್ದು 2022ರ ಜನವರಿಯಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ 250ಕ್ಕೂ ಹೆಚ್ಚು ಮನೆಗಳಾಗಿತ್ತು. ಜಾತಿ ಕೇಳಲಿಲ್ಲ, ಧರ್ಮ ಕೇಳಲಿಲ್ಲ, ಪಕ್ಷ ಕೇಳಲಿಲ್ಲ. ಜೊತೆಗೆ ಹೊಲಿಗೆ ಯಂತ್ರ, ಕುಡಿಯುವ ನೀರಿನ ವ್ಯವಸ್ಥೆ, ಉಚಿತ ವೈದ್ಯಕೀಯ ಶಿಬಿರ, ಸಾಮೂಹಿಕ ಮದುವೆ.

ಆದರೆ ಒಂದು ವಿಷಯ ಗಮನಿಸಿ. ಭಟ್ಟರು ಆ ಊರಲ್ಲೇ ಇದ್ದರು. ಬಂದವರ ಮುಖ ನೋಡಿದರೆ ಯಾರ ಮನೆಯವರು, ಎಷ್ಟು ಮಕ್ಕಳು, ಕುಡಿತ ಇದೆಯೋ ಇಲ್ಲವೋ ಎಲ್ಲ ತಿಳಿಯುತ್ತಿತ್ತು. ಕಲ್ಲು ಸರಿ ಇಲ್ಲದಿದ್ದರೆ ಹೋಗಿ ನೋಡಬಹುದಿತ್ತು. ನಾವು ಇರುವುದು ಸಮುದ್ರದಾಚೆ. ನಮಗೆ ಊರು ಕಾಣುವುದು ವಾಟ್ಸಾಪ್ ಫೋಟೋದಲ್ಲಿ. ಫೋಟೋದಲ್ಲಿ ಗೋಡೆಗೆ ಬಣ್ಣ ಬಳಿದದ್ದು ಕಾಣುತ್ತದೆ, ತಾರಸಿ ಸೋರುವುದು ಕಾಣುವುದಿಲ್ಲ. ಭಟ್ಟರ ಮನಸ್ಸನ್ನು ನಾವು ತೆಗೆದುಕೊಳ್ಳೋಣ. ಅವರ ಕೆಲಸದ ರೀತಿ ಇಷ್ಟು ದೂರದಿಂದ ನಡೆಯುವುದಿಲ್ಲ.

ನಾವಿರುವ ದೇಶದ ಒಂದು ಅನುಭವವನ್ನೂ ಹೇಳಬೇಕು. ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆ ನಿಮಗೆಲ್ಲ ಗೊತ್ತು. ಶನಿವಾರ ಹೆಲ್ಮೆಟ್ ಹಾಕಿ ಮೊಳೆ ಹೊಡೆಯಲು ಹೋದವರು ನಮ್ಮಲ್ಲೇ ಇದ್ದಾರೆ. 1976ರಲ್ಲಿ ಜಾರ್ಜಿಯಾದ ಅಮೆರಿಕಸ್ ಎಂಬ ಸಣ್ಣ ಪಟ್ಟಣದಲ್ಲಿ ಮಿಲ್ಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಶುರುಮಾಡಿದ್ದು. 1984ರಿಂದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸುತ್ತಿಗೆ ಹಿಡಿದು ನಿಂತ ಮೇಲೆ ಹೆಸರು ಎಲ್ಲ ಕಡೆ ಹರಡಿತು. ಅವರು ಮನೆಯನ್ನು ದಾನ ಕೊಡುವುದಿಲ್ಲ. ಕುಟುಂಬದವರು ಇಂತಿಷ್ಟು ಗಂಟೆ ಅಂತ ತಮ್ಮ ಮನೆಗೂ ಬೇರೆಯವರ ಮನೆಗೂ ದುಡಿಯಬೇಕು. ಆಮೇಲೆ ಕೈಗೆಟುಕುವ ಸಾಲದ ಕಂತು ಕಟ್ಟಬೇಕು. ಆ ಕಂತಿನ ದುಡ್ಡಿನಿಂದ ಮುಂದಿನ ಮನೆ.

ಈ ಸಂಸ್ಥೆಯ ಕೆಲಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಹೊಸ ಮನೆಗಳಲ್ಲ. ಇರುವ ಮನೆಗಳ ರಿಪೇರಿ. ವಯಸ್ಸಾದವರ ಮನೆಯ ಮಾಡು ಸರಿಮಾಡುವುದು, ಮೆಟ್ಟಿಲಿನ ಪಕ್ಕ ಗಾಲಿಕುರ್ಚಿಗೆ ಇಳಿಜಾರು ಹಾಕುವುದು, ಪಾಳು ಬಿದ್ದ ಜಾಗವನ್ನು ಅಕ್ಕಪಕ್ಕದವರನ್ನೇ ಸೇರಿಸಿಕೊಂಡು ಚೊಕ್ಕ ಮಾಡುವುದು. ಹಾಳಾದ ಬೀದಿಯಲ್ಲಿ ಒಂದು ಚಂದದ ಮನೆ ನಿಲ್ಲಿಸಿದರೆ ಬೀದಿ ಸರಿಯಾಗುವುದಿಲ್ಲ ಎಂದು ಅವರಿಗೆ ಕೆಲಸ ಮಾಡುತ್ತಲೇ ತಿಳಿಯಿತು.

ನಮ್ಮ ಊರಿನ ಬೀದಿ ಎಂದರೆ ಏನು? ಬಹಳ ಕಡೆ ಗುಡ್ಡೆಯ ಮೇಲಿನ ಪಾರೆ, ಅಂದರೆ ಕಲ್ಲುಹಾಸಿನ ನೆಲ. ನೀರಿರುವ ತಗ್ಗಿನಲ್ಲಿ ಅಡಿಕೆ ತೋಟ, ಗದ್ದೆ. ಭೂಮಿಯಿಲ್ಲದವರಿಗೆ ಉಳಿಯುವುದು ಮೇಲಿನ ಬರಡು ಜಾಗ. ಅಲ್ಲಿ ಬಾವಿ ತೋಡಿದರೆ ಕಲ್ಲು. ಹಿಂದಿನವರು ಗುಡ್ಡೆಯ ಬದಿಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದರು. ಬಾಯಾರು, ಎಣ್ಮಕಜೆ ಕಡೆ ಅವು ಈಗಲೂ ಇವೆ. ಮೇಲಿನ ಮನೆಗಳಿಗೆ ಮಾತ್ರ ಏಪ್ರಿಲ್ ಬಂದರೆ ಟ್ಯಾಂಕರ್ ನೀರೇ ಗತಿ. ಪಿಕಪ್ ಗಾಡಿ ಮನೆಯ ಬುಡಕ್ಕೆ ಬಾರದಿದ್ದರೆ ಕಲ್ಲು, ಜಲ್ಲಿ, ಹೊಯಿಗೆ ಎಲ್ಲ ತಲೆಹೊರೆ. ಅದೇ 4 ಲಕ್ಷ ರಸ್ತೆ ಬದಿಯ ಮನೆಗೆ ತಾರಸಿವರೆಗೆ ಸಾಕಾದರೆ ಗುಡ್ಡೆಯ ಮನೆಗೆ ಬಾಗಿಲ ಮೇಲಿನ ಲಿಂಟಲ್‌ಗೇ ಮುಗಿಯುತ್ತದೆ. ಹೀಗಿರುವಾಗ ನೂರು ಮೀಟರ್ ಕಾಂಕ್ರೀಟ್ ದಾರಿ ಹಾಕಿಸಿದರೆ ಅದು ಎಷ್ಟು ಮನೆಗಳಿಗೆ ಸಹಾಯ, ನೀವೇ ಯೋಚಿಸಿ.

ಹಳೆಯ ಲಕ್ಷಂವೀಡು ಕಾಲನಿಗಳನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1972ರಲ್ಲಿ, ಅಚ್ಯುತ ಮೆನನ್ ಮುಖ್ಯಮಂತ್ರಿಯಾಗಿದ್ದಾಗ, ವಸತಿ ಮಂತ್ರಿ ಎಂ. ಎನ್. ಗೋವಿಂದನ್ ನಾಯರ್ ಶುರುಮಾಡಿದ ಲಕ್ಷ ಮನೆಗಳ ಯೋಜನೆ ಅದು. ಆ ಕಾಲಕ್ಕೆ ಅದು ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಖರ್ಚು ಉಳಿಸಲು ಬಹಳ ಕಡೆ ಒಂದೇ ನಡುಗೋಡೆಗೆ ಎರಡು ಮನೆ ಅಂಟಿಸಿ ಕಟ್ಟಿದರು. ಈಗ ಒಂದು ಮನೆಯವರಿಗೆ ಕೆಡವಿ ಕಟ್ಟುವ ಶಕ್ತಿ ಬಂದಿದೆ, ಪಕ್ಕದವರಿಗೆ ಬಂದಿಲ್ಲ. ನಡುಗೋಡೆ ಕೆಡವಿದರೆ ಪಕ್ಕದ ಮಾಡು ಬೀಳುತ್ತದೆ. ಹಾಗಾಗಿ ಇಬ್ಬರೂ ಸೋರುವ ಮಾಡಿನ ಕೆಳಗೆ ಕೂತಿದ್ದಾರೆ. ಇಲ್ಲಿ ಒಬ್ಬರಿಗೆ ಮನೆ ಕೊಡುತ್ತೇವೆ ಎಂದರೆ ಏನೂ ಆಗುವುದಿಲ್ಲ. ಇಬ್ಬರನ್ನೂ ಕೂರಿಸಿ ಮಾತಾಡಬೇಕು.

ಎಣ್ಮಕಜೆಯ ಮಾತು ಇನ್ನೂ ಬೇರೆ. ಸರಕಾರಿ ಗೇರುತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಲ್ಲಿ ಅದೂ ಒಂದು. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. ಮಲಗಿದಲ್ಲೇ ಇರುವ ಮಗ, ಅವನನ್ನು ಎತ್ತುತ್ತಾ ಸೊಂಟ ಬಿದ್ದ ತಾಯಿ. ಇಂಥ ಮನೆಗೆ 400 ಚದರ ಅಡಿಯ ಮಾಮೂಲಿ ನಕ್ಷೆ ಸಾಲುವುದಿಲ್ಲ. ಬಾಗಿಲು ಅಗಲ ಬೇಕು. ಬಚ್ಚಲುಕೋಣೆ ಒಳಗೇ ಬೇಕು, ಹೊಸ್ತಿಲು ಇರಬಾರದು. ಅಂಗಳದವರೆಗೆ ಆಂಬುಲೆನ್ಸ್ ಬರಬೇಕು. ಇದರಲ್ಲಿ ಯಾವುದೂ ಭಾರೀ ಖರ್ಚಿನದ್ದಲ್ಲ. ಕಟ್ಟುವಾಗ ಕೇಳುವವರು ಬೇಕು, ಅಷ್ಟೇ. ಕೊರಗ ಬುಡಕಟ್ಟಿನ ಕುಟುಂಬಗಳದ್ದೂ ಹೀಗೆಯೇ. ಬುಟ್ಟಿ ಹೆಣೆದು ಬದುಕುವವರಿಗೆ ನೆರಳಿರುವ ಅಗಲದ ಜಗಲಿಯೇ ಕೆಲಸದ ಜಾಗ. ನಕ್ಷೆಯಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಈಗ ಕಾಗದದ ಮಾತು. ಕನ್ನಡ ಸಂಘಕ್ಕೆ ನಿಜವಾಗಿ ಕೆಲಸ ಇರುವುದು ಇಲ್ಲೇ ಅಂತ ನನಗೆ ಅನಿಸುತ್ತದೆ.

ಮನೆ ಬೇಕಾದರೆ ಜಾಗದ ದಾಖಲೆ ಬೇಕು. ಅಜ್ಜನ ಹೆಸರಿನಲ್ಲಿರುವ ಪಟ್ಟೆ, ಪಾಲಾಗದ ಜಾಗ, ತೆರಿಗೆ ಕಟ್ಟಿದ ರಶೀದಿ ಇಲ್ಲ. ಅರ್ಜಿ ಆನ್‌ಲೈನ್. ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದರೆ ಕಂಪ್ಯೂಟರಿನಲ್ಲಿ ಮಲಯಾಳ. ಕನ್ನಡ ಮಾತ್ರ ಓದಲು ಬರುವ, ಅದೂ ಕಷ್ಟದಲ್ಲಿ ಓದುವ ಅರುವತ್ತರ ಹೆಂಗಸಿಗೆ ತನ್ನ ಅರ್ಜಿ ಯಾಕೆ ತಿರಸ್ಕಾರವಾಯಿತು ಅಂತ ತಿಳಿಯುವುದೇ ಇಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕು ಎಂದಿತು. ಆ ವರದಿಯ ಬಗ್ಗೆ ನಾವು ಪ್ರತಿ ರಾಜ್ಯೋತ್ಸವಕ್ಕೂ ಭಾಷಣ ಮಾಡುತ್ತೇವೆ. ಮಾಡೋಣ, ಬೇಡ ಅಂದವರು ಯಾರು? ಆದರೆ ಕನ್ನಡಿಗರು ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ಪತ್ರವ್ಯವಹಾರ ಮಾಡಬಹುದು ಎಂಬ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಅದನ್ನು ದಿನದ ಬಳಕೆಗೆ ತರಲು ವಾರಕ್ಕೆರಡು ದಿನ ಪಂಚಾಯತು ಕಚೇರಿಯ ಹತ್ತಿರ ಕೂತು ಅರ್ಜಿ ತುಂಬಿಕೊಡುವ, ಎರಡೂ ಭಾಷೆ ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಸಾಕು. ಅವರ ಒಂದು ವರ್ಷದ ಸಂಬಳ ಒಂದು ಮನೆಯ ಖರ್ಚಿಗಿಂತ ಕಡಿಮೆ. ಅದರಿಂದ ಸರಕಾರದ ದುಡ್ಡಿನಲ್ಲಿ ಏಳುವ ಮನೆಗಳು ಒಂದಲ್ಲ, ಹಲವು.

ಹೊಸ ಮನೆ ಕಟ್ಟುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೊಲ್ಲಿ ದೇಶಗಳಲ್ಲಿರುವ ಕೇರಳ ಮುಸ್ಲಿಮರ ಸಂಘಟನೆ ಕೆಎಂಸಿಸಿಯವರ ಬೈತುರ್ರಹ್ಮ ಮನೆಗಳಿವೆ. ಶಾಲೆ ಕಾಲೇಜುಗಳ ಎನ್ನೆಸ್ಸೆಸ್ ಮಕ್ಕಳು ಕಟ್ಟುತ್ತಾರೆ. ದೇವಸ್ಥಾನ, ಜಮಾತ್, ಇಗರ್ಜಿ, ಊರಿನ ಕ್ಲಬ್ಬು, ಎಲ್ಲರೂ ಕೈ ಹಾಕುತ್ತಾರೆ. ತಾರಸಿ ಕಾಂಕ್ರೀಟಿನ ದಿನ ಭಾನುವಾರ ಇಟ್ಟರೆ ಕ್ಲಬ್ಬಿನ ಹುಡುಗರು ಬಾಳ್ದಿ ಹಿಡಿದು ಸಾಲು ನಿಲ್ಲುತ್ತಾರೆ, ಮಧ್ಯಾಹ್ನದ ಊಟ ಹಾಕಿದರೆ ಸಾಕು. ಇವರ ಜೊತೆ ನಾವೂ ಇನ್ನೊಂದು ಫಲಕ ಹಾಕುವುದಕ್ಕಿಂತ, ಇವರು ಮುಗಿಸಲಾಗದೆ ಬಿಟ್ಟದ್ದನ್ನು ಮುಗಿಸಲು ಕೈ ಜೋಡಿಸುವುದು ಒಳ್ಳೆಯದು. ಸಾರಣೆ, ಬಾಗಿಲು, ಕಕ್ಕಸು, ವಿದ್ಯುತ್ ಸಂಪರ್ಕ, ಸೋರುವ ತಾರಸಿಯ ಮೇಲೆ ಒಂದು ಶೀಟಿನ ಮಾಡು. ಇವು ಯಾವುದಕ್ಕೂ ದಾನಿಗಳು ಸಿಗುವುದಿಲ್ಲ. ಫೋಟೋಕ್ಕೆ ಚಂದ ಕಾಣುವುದಿಲ್ಲ ನೋಡಿ.

ಈ ಡಿಸೆಂಬರ್ ರಜೆಗೆ ಕುಂಬಳೆ, ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಗೆ ಹೋಗುವವರಲ್ಲಿ ಒಂದು ಕೋರಿಕೆ. ನಿಮ್ಮ ವಾರ್ಡಿನ ಪಂಚಾಯತು ಸದಸ್ಯರನ್ನೋ ಕುಟುಂಬಶ್ರೀ ಮಹಿಳಾ ಸ್ವಸಹಾಯ ಗುಂಪಿನ ಅಕ್ಕಂದಿರನ್ನೋ ಕೇಳಿ. ಎಲ್ಲಿ ಯಾವ ಮನೆ ಯಾಕೆ ನಿಂತಿದೆ ಎಂಬುದು ಅವರಿಗೆ ಬಾಯಿಪಾಠ. ಮನೆಯವರು ಒಪ್ಪಿದರೆ ಮಾತ್ರ ಹೋಗಿ ನೋಡಿ. ಜಾಗ ಯಾರ ಹೆಸರಿನಲ್ಲಿದೆ, ಯಾವ ಕಂತು ಬಾಕಿ, ಗಾಡಿ ಎಲ್ಲಿಯವರೆಗೆ ಹೋಗುತ್ತದೆ ಎಂದು ಬರೆದುಕೊಂಡು ಬನ್ನಿ. ಮನೆಯವರ ಫೋಟೋ ತೆಗೆಯಬೇಡಿ, ಮಾತೂ ಕೊಡಬೇಡಿ.

ಜನವರಿಯ ಸಭೆಯಲ್ಲಿ ತೀರ್ಮಾನ ಆಗಬೇಕಾದದ್ದು ಇನ್ನೊಂದಿದೆ. ಕೊಡುವ ದುಡ್ಡು ಪೂರ್ತಿ ದಾನವೇ, ಅಥವಾ ಸರಕಾರದ ಕಂತು ಬಂದಾಗ ಸ್ವಲ್ಪ ವಾಪಸು ಬಂದು ಮುಂದಿನ ಮನೆಗೆ ಹೋಗಬೇಕೇ? ನನಗೆ ಎರಡನೆಯದು ಇಷ್ಟ, ಬಡ್ಡಿ ಇಲ್ಲದೆ. ಖಜಾಂಚಿಯವರು ಬೇಡ ಅನ್ನುತ್ತಾರೆ. ವಸೂಲಿ ಮಾಡಲು ಹೋದ ಸಂಘ ಸಂಘವಾಗಿ ಉಳಿಯುವುದಿಲ್ಲವಂತೆ. ಅವರ ಮಾತಿನಲ್ಲೂ ಹುರುಳಿದೆ. ನಿಮ್ಮ ಅಭಿಪ್ರಾಯವನ್ನು ದಯವಿಟ್ಟು ಸಭೆಗೆ ಬಂದು ಹೇಳಿ, ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಬೇಡ.