ಒಡೆಯದ ಗುಟ್ಟು

ಪ್ರೀತಿಯ ಮಗಳೇ,

ನಿನ್ನ ನಾಟಕ ಕೈಸೇರಿ ಮೂರು ವಾರ ಆಯ್ತು. ಎರಡು ಸಲ ಓದಿದೆ. ಒಂದು ಸಲ ಮೇಷ್ಟ್ರಾಗಿ, ಕೆಂಪು ಪೆನ್ನು ಹಿಡಿದು. ಇನ್ನೊಂದು ಸಲ ಪೆನ್ನು ಬದಿಗಿಟ್ಟು, ಸುಮ್ನೆ. ವರ್ಜೀನಿಯಾದಲ್ಲಿ ಕೂತು ಪಕ್ಕದ ಮನೆಯವರ ಬ್ರೆದ್ರೆನ್ (ಯುದ್ಧ ಬೇಡ ಅನ್ನುವ ಒಂದು ಕ್ರೈಸ್ತ ಪಂಗಡ) ಸಭೆಯ ಕಥೆಯನ್ನು ಕನ್ನಡದಲ್ಲಿ ಬರೆಯುವ ಹುಚ್ಚು ನಿನಗೆ ಯಾಕೆ ಹಿಡಿಯಿತು ಅಂತ ನಾನು ಕೇಳುವುದಿಲ್ಲ. ಹೋದ ವರ್ಷ ನಾನು ಮಗನ ಮನೆಗೆ ಬಂದಿದ್ದಾಗ ಅವರ ಸಭೆಗೆ ಕರೆದುಕೊಂಡು ಹೋದವಳು ನೀನೇ ಅಲ್ವಾ? ಆ ಹುಚ್ಚು ನನಗೂ ಸ್ವಲ್ಪ ಅಂಟಿದೆ.

ಮೊದಲು ಜಗಳ ಮುಗಿಸಿಬಿಡೋಣ.

ನಿನ್ನ ಮೊದಲ ದೃಶ್ಯ 1708ರದ್ದು. ಜರ್ಮನಿಯ ಶ್ವಾರ್ಜೆನಾವ್ ಊರು, ಏಡರ್ ಹೊಳೆ. ಐದು ಗಂಡಸರು, ಮೂರು ಹೆಂಗಸರು ನೀರಿಗಿಳಿಯುತ್ತಾರೆ, ಬ್ರೆದ್ರೆನ್ ಪಂಗಡ ಹುಟ್ಟುತ್ತದೆ. ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆಯುವುದು ಆಗಿನ ಕಾನೂನಿಗೆ ಅಪರಾಧ. ಇಲ್ಲಿಯವರೆಗೆ ಸರಿ. ಆಮೇಲೆ ನೀನು ಏನು ಮಾಡಿದ್ದೀಯ? ಅವರ ಮುಂದಾಳು ಅಲೆಕ್ಸಾಂಡರ್ ಮ್ಯಾಕ್‌ನನ್ನು ಮುಳುಗಿಸಿದವನಿಗೆ ಒಂದು ಹೆಸರು ಕೊಟ್ಟು, ಅವನ ಬಾಯಿಗೆ ಒಂದೂವರೆ ಪುಟದ ಮಾತು ತುರುಕಿದ್ದೀಯ. ಆ ಜನ ಚೀಟಿ ಎತ್ತಿ ಅವನನ್ನು ಆರಿಸಿದ್ದರು. ಹೆಸರನ್ನು ಯಾರಿಗೂ ಹೇಳುವುದಿಲ್ಲ ಅಂತ ಒಬ್ಬರಿಗೊಬ್ಬರು ಮಾತು ಕೊಟ್ಟಿದ್ದರು. ಮುನ್ನೂರು ವರ್ಷ ದಾಟಿದರೂ ಆ ಗುಟ್ಟು ಹೊರಬಿದ್ದಿಲ್ಲ. ನೀನು ಮೊದಲ ಪುಟದಲ್ಲೇ ಒಡೆದುಬಿಟ್ಟೆ! ಅವನನ್ನು ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಲ್ಲಿಸು. ಮುಖ ಬೇಡ. ಮೂರು ಸಲ ಮುಂದಕ್ಕೆ ಬಾಗಿಸಿ ಮುಳುಗಿಸುವ ಆ ಎರಡು ಕೈ ಕಂಡರೆ ಸಾಕು.

ಮಾತು ತುರುಕುವ ಚಟ ನನಗೂ ಇತ್ತು. ಮೂವತ್ತರ ವಯಸ್ಸಲ್ಲಿ ಒಬ್ಬ ಸಂತರ ಮೇಲೆ ನಾಟಕ ಬರೆದಿದ್ದೆ. ನನ್ನ ಸಂತರು ಉಸಿರು ತೆಗೆದುಕೊಳ್ಳದೆ ಉಪದೇಶ ಮಾಡುತ್ತಿದ್ದರು. ಮೂರನೇ ಸಾಲಲ್ಲಿ ಕೂತಿದ್ದ ನಮ್ಮ ಸೋದರಮಾವನ ಗೊರಕೆ ರಂಗದ ಮೇಲಿದ್ದ ನಮಗೆಲ್ಲ ಕೇಳಿಸಿತು. ನಿನ್ನ ಜಾನ್ ಕ್ಲೈನ್ ಕೂಡ ಅದೇ ದಾರಿ ಹಿಡಿದಿದ್ದಾನೆ. ಕುದುರೆ ಮೇಲೆ ಊರೂರು ಸುತ್ತಿ, ಬೇರು-ಸೊಪ್ಪಿನ ಔಷಧಿ ಕೊಡುತ್ತಿದ್ದ ಮುದುಕ ಅವನು, ವರ್ಜೀನಿಯಾದ ಬ್ರೆದ್ರೆನ್ ಸಭೆಯ ಹಿರಿಯ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರ, ದಕ್ಷಿಣ ಎರಡೂ ಕಡೆಯವರಿಗೆ ಮದ್ದು ಕೊಟ್ಟ. ಸಭೆಯ ಕೆಲಸಕ್ಕೆ ಗಡಿ ದಾಟಿ ಉತ್ತರಕ್ಕೂ ಹೋಗಿಬರುತ್ತಿದ್ದ. ಅದಕ್ಕೇ ಕೆಲವರಿಗೆ ಅನುಮಾನ. 1862ರಲ್ಲಿ ಜೈಲಿಗೂ ಹಾಕಿದರು. 1864ರ ಜೂನ್ 15ರಂದು ಮನೆಗೆ ಹತ್ತಿರದಲ್ಲೇ ಹೊಂಚು ಹಾಕಿ ಕೊಂದರು. ಇಷ್ಟು ಇರುವಾಗ ಅವನಿಂದ ಶಾಂತಿಯ ಬಗ್ಗೆ ಭಾಷಣ ಮಾಡಿಸುವುದು ಯಾಕೆ? ಗಾಯಕ್ಕೆ ಪಟ್ಟಿ ಕಟ್ಟಿಸು. ಬ್ರಾಡ್‌ವೇ ಊರಲ್ಲಿ ಅವನ ಮನೆಯನ್ನು ಉಳಿಸಿಕೊಂಡವರು ಏನು ಮಾಡುತ್ತಾರೆ, ನೀನೇ ನೋಡಿದ್ದೀಯ. ಮೇಣದ ಬತ್ತಿ ಬೆಳಕಲ್ಲಿ ಊಟ ಬಡಿಸುತ್ತಾರೆ. ಪಾತ್ರಧಾರಿಗಳು ಮನೆಯವರ ಹಾಗೆ ಯುದ್ಧದ ಸುದ್ದಿ, ಮನೆವಾರ್ತೆ ಮಾತಾಡಿಕೊಳ್ಳುತ್ತಾರೆ. ಪ್ರೇಕ್ಷಕರ ಕೈ ತಟ್ಟೆಯಲ್ಲೇ ಇರುತ್ತದೆ. ಅಲ್ಲಿ ಯಾರೂ ಗೊರಕೆ ಹೊಡೆಯಲಿಲ್ಲ.

ಪ್ರೇಮಭೋಜನದ ದೃಶ್ಯವನ್ನು ನೀನು ಅರ್ಧ ಪುಟದಲ್ಲಿ ಮುಗಿಸಿದ್ದು ನನಗೆ ನಿಜವಾಗಿ ಬೇಜಾರು. ಅದೇ ಅಲ್ವಾ ಅವರ ಬದುಕಿನ ನಡುಮನೆ! ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಂಜೆ, ಉದ್ದ ಮೇಜು, ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ನನ್ನ ಪಕ್ಕ ಕೂತಿದ್ದ ರೈತ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಮಂಡಿಯೂರಿದ. ಬೆಚ್ಚಗಿನ ನೀರಿನ ಬೋಗುಣಿ. ನನ್ನ ಒಡೆದ ಹಿಮ್ಮಡಿ ನೋಡಿ ನನಗೇ ನಾಚಿಕೆ. ಅವನು ಗಮನಿಸಲೇ ಇಲ್ಲ. ತೊಳೆದ, ಒರೆಸಿದ, ಎದ್ದು ತಬ್ಬಿಕೊಂಡ. ಆಮೇಲೆ ಆ ಟವೆಲ್ ನನ್ನ ಸೊಂಟಕ್ಕೆ ಬಂತು. ನಮ್ಮಲ್ಲಿ ಪಾದಪೂಜೆ ಅಂದರೆ ಚಿಕ್ಕವರು ದೊಡ್ಡವರ ಕಾಲು ತೊಳೆಯುವುದು. ಅಲ್ಲಿ ಪಕ್ಕದಲ್ಲಿ ಕೂತವನ ಕಾಲು, ಅಷ್ಟೇ. ಆಮೇಲೆ ಮಾಂಸದ ಸಾರಲ್ಲಿ ನೆನೆಸಿದ ಬ್ರೆಡ್ಡು. ನಾನು ತಿನ್ನುವುದಿಲ್ಲ ಅಂತ ಗೊತ್ತಾಗಿ ಬರೀ ಬ್ರೆಡ್ಡು, ಬೆಣ್ಣೆ ತಂದಿಟ್ಟರು. ಈ ದೃಶ್ಯಕ್ಕೆ ಹತ್ತು ನಿಮಿಷ ಕೊಡು. ಸೊಂಟದಿಂದ ಸೊಂಟಕ್ಕೆ ಹೋಗುವ ಆ ಟವೆಲ್ಲೇ ನಿನ್ನ ನಾಟಕ.

ಇನ್ನು ಸಂಗೀತ. ಅವರು ಅಮೆರಿಕಕ್ಕೆ ಬಂದು ನೆಲೆಸಿದ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್ ದೃಶ್ಯದ ಹಿನ್ನೆಲೆಗೆ ಪಿಟೀಲು ಅಂತ ಬರೆದಿದ್ದೀಯ. ತೆಗೆ. ಆ ಕಾಲದಲ್ಲಿ ಅವರ ಸಭೆಯಲ್ಲಿ ಯಾವ ವಾದ್ಯವೂ ಇರಲಿಲ್ಲ. ಪಿಯಾನೊ, ಆರ್ಗನ್ ಎಲ್ಲ ಬಹಳ ತಡವಾಗಿ ಬಂದವು, ಹಳೇ ಪದ್ಧತಿಯ ಪಂಗಡಗಳು ಇವತ್ತಿಗೂ ಒಳಗೆ ಬಿಟ್ಟುಕೊಂಡಿಲ್ಲ. 1744ರಲ್ಲಿ ಜರ್ಮನ್‌ಟೌನ್‌ನಲ್ಲಿ ಅಚ್ಚಾದ ಅವರ ಹಾಡಿನ ಪುಸ್ತಕದಲ್ಲಿ ಸಾಹಿತ್ಯ ಮಾತ್ರ ಇತ್ತು, ಸ್ವರ ಇರಲಿಲ್ಲ. ಧಾಟಿ ಗಂಟಲಿಂದ ಗಂಟಲಿಗೆ ಹೋಗಬೇಕಿತ್ತು. ಪುಸ್ತಕ ಕಡಿಮೆ ಇದ್ದ ಕಡೆ ಒಬ್ಬರು ಎರಡು ಸಾಲು ಓದಿಕೊಡುತ್ತಿದ್ದರು, ಉಳಿದವರು ಹಾಡುತ್ತಿದ್ದರು. ನಮ್ಮೂರ ಭಜನೆ ಮನೆಯಲ್ಲಿ ಬೆಳೆದ ನಿನಗೆ ಇದನ್ನು ಬಿಡಿಸಿ ಹೇಳಬೇಕಾ? ಮೊದಲು ಹಾಡಿ ನೋಡು, ಆಮೇಲೆ ಬರಿ. ಎಲ್ಲಿ ಉಸಿರು ಸಾಲುವುದಿಲ್ಲವೋ ಅಲ್ಲಿ ನಿನ್ನ ಕನ್ನಡದ ಸಾಲು ಉದ್ದ ಆಗಿದೆ ಅಂತ ಲೆಕ್ಕ.

ಪೆನ್ಸಿಲ್ವೇನಿಯಾದ ಎಫ್ರಾಟಾ ಮಠದ ಸೋದರಿಯರ ಹಾಡು ಬೇರೆಯದೇ ಲೋಕ. ಅವರು ಬ್ರೆದ್ರೆನ್‌ನಿಂದ ಒಡೆದು ಹೋದವರು. ಅವರನ್ನು ಇದೇ ನಾಟಕಕ್ಕೆ ಎಳೆಯಬೇಡ, ಇನ್ನೊಂದಕ್ಕೆ ಇಟ್ಟುಕೋ.

ಒಂದು ತಪ್ಪು ತಿದ್ದಿದ್ದೇನೆ. ಜರ್ಮನ್‌ಟೌನ್‌ನಲ್ಲಿ ಅಚ್ಚುಕೂಟ ನಡೆಸುತ್ತಿದ್ದ ಕ್ರಿಸ್ಟಫರ್ ಸೌವರ್ ಅಂತ ಅಪ್ಪ-ಮಗ ಇಬ್ಬರಿದ್ದರು. 1743ರಲ್ಲಿ ಜರ್ಮನ್ ಬೈಬಲ್ ಅಚ್ಚು ಹಾಕಿದ್ದು ಅಪ್ಪ. ಅಮೆರಿಕದಲ್ಲಿ ಯುರೋಪಿನ ಭಾಷೆಯೊಂದರಲ್ಲಿ ಅಚ್ಚಾದ ಮೊದಲ ಬೈಬಲ್ ಅದು. ಆದರೆ ಬ್ರೆದ್ರೆನ್ ಸಭೆಯ ಹಿರಿಯನಾಗಿದ್ದು ಮಗ. ಅವನು 1776ರಲ್ಲಿ ಮತ್ತೆ ಅಚ್ಚು ಹಾಕಿದ. ಬೈಂಡ್ ಆಗದೆ ಬಿದ್ದಿದ್ದ ಹಾಳೆಗಳನ್ನು ಸ್ವಾತಂತ್ರ್ಯ ಯುದ್ಧದ ಸೈನಿಕರು ಬಂದೂಕಿಗೆ ತೋಟಾ ಕಟ್ಟಲು ಬಳಸಿದರು ಅನ್ನುತ್ತಾರೆ. ಹೊಸ ಸರ್ಕಾರಕ್ಕೆ ನಿಷ್ಠೆಯ ಆಣೆ ಇಡುವುದಿಲ್ಲ ಅಂದಿದ್ದಕ್ಕೆ 1778ರಲ್ಲಿ ಅವನ ಆಸ್ತಿಯೆಲ್ಲ ಹರಾಜಾಯಿತು. ಅಪ್ಪನ ಬೈಬಲ್ ಬಂದು ಸರಿಯಾಗಿ ನೂರು ವರ್ಷಕ್ಕೆ, 1843ರಲ್ಲಿ, ಬಾಸೆಲ್ ಮಿಷನ್‌ನ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಶುರುಮಾಡಿದ. ಇದು ಬರೀ ಕಾಕತಾಳೀಯ ಇರಬಹುದು. ಆದರೆ ಆ ಬಾಸೆಲ್‌ನವರೂ ಈ ಬ್ರೆದ್ರೆನ್ನರೂ ಜರ್ಮನಿಯ ಪಯಟಿಸ್ಟ್ ಭಕ್ತಿಯಿಂದ (ಆಚಾರಕ್ಕಿಂತ ಒಳಗಿನ ಭಕ್ತಿ ಮುಖ್ಯ ಅನ್ನುವ ಪಂಥ) ಬಂದವರೇ, ಬೇರೆ ಬೇರೆ ಕವಲು. ಅದಕ್ಕೇ ಹೇಳುತ್ತೇನೆ, ಹೊಸ ಪದ ಹುಟ್ಟಿಸುತ್ತಾ ಕೂರಬೇಡ. ದೀಕ್ಷಾಸ್ನಾನ, ಸುವಾರ್ತೆ, ಸಭಾಪಾಲಕ, ಇವೆಲ್ಲ ಮಂಗಳೂರು, ಧಾರವಾಡದ ಸಭೆಗಳಲ್ಲಿ ದಿನಬಳಕೆಯ ಮಾತು. 'ಜಲಸಂಸ್ಕಾರ ವಿಧಿ' ಅಂತ ನೀನು ಬರೆದಿದ್ದನ್ನು ಓದಿ ನನಗೆ ಪಂಚಾಂಗ ನೆನಪಾಯಿತು.

ಕೊನೆಯ ಅಂಕ ನಿನಗೆ ಹೊಳೆಯುತ್ತಿಲ್ಲ ಅಂದಿದ್ದೆಯಲ್ಲ, ಇದನ್ನು ಯೋಚಿಸು. ಮೇರಿಲ್ಯಾಂಡಿನ ಆಂಟೀಟಮ್, ಅಂತರ್ಯುದ್ಧದ ರಣರಂಗ. ಅಲ್ಲಿ ಸುಣ್ಣ ಬಳಿದ ಒಂದು ಸಣ್ಣ ಡಂಕರ್ ಚರ್ಚು (ಮುಳುಗಿಸಿ ದೀಕ್ಷಾಸ್ನಾನ ಕೊಡುವ ಬ್ರೆದ್ರೆನ್ನರಿಗೆ ಜನ ಇಟ್ಟ ಹೆಸರು ಡಂಕರ್). ಗೋಪುರ ಇಲ್ಲ, ಸೈನಿಕರು ಶಾಲೆ ಅಂದುಕೊಂಡರಂತೆ. 1862ರ ಸೆಪ್ಟೆಂಬರ್ 17, ಒಂದೇ ದಿನ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000. ಯುದ್ಧ ಮಾಡುವುದಿಲ್ಲ ಅಂದವರ ಪ್ರಾರ್ಥನಾ ಮನೆಯ ಸುತ್ತಲೇ! ಅದಾದ ಕೆಲವು ದಿನಕ್ಕೆ ನ್ಯೂಯಾರ್ಕ್ ಪಡೆಯ ಒಬ್ಬ ಸಾರ್ಜೆಂಟ್ ಚರ್ಚಿನ ಬೈಬಲ್ ಎತ್ತಿಕೊಂಡು ಹೋದ. ಅವನು ಸತ್ತ ಮೇಲೆ ಅದು ಅವನ ತಂಗಿಯಿಂದ ಅವನ ಹಳೇ ಜೊತೆಗಾರರ ಕೈಗೆ ಬಂತು. ಅವರಿಗೆ ವಾಪಸ್ ಕೊಡಬೇಕು ಅನ್ನಿಸಿತು. ಯಾರಿಗೆ ಕೊಡುವುದು? ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಊರಲ್ಲಿ ಡಂಕರ್ ಸಭೆಗೆ ಸೇರಿದ ಒಬ್ಬ ಕರಿಯ ರೈತನಿದ್ದ. ಜಾನ್ ಲೂಯಿಸ್ ಅಂತ, ಮೇರಿಲ್ಯಾಂಡಿನವನೇ, ಲೇಖಕ ಮಾರ್ಕ್ ಟ್ವೇನ್‌ನ ಗೆಳೆಯ. 1903ರಲ್ಲಿ, ನಲವತ್ತೊಂದು ವರ್ಷದ ಮೇಲೆ, ಅವನ ಮೂಲಕ ಬೈಬಲ್ ಮನೆ ಸೇರಿತು.

ಮೇಜಿನ ಮೇಲೆ ಪುಸ್ತಕ, ಎದುರಿಗೆ ಲೂಯಿಸ್. ಅವನು ಏನು ಹೇಳಿದ ಅಂತ ಹೇಳಿಸಲು ಹೋಗಬೇಡ. ಬೇಕಾದರೆ ಕರವಸ್ತ್ರದಿಂದ ರಟ್ಟಿನ ಧೂಳು ಒರೆಸಲಿ.

ಎರಡನೇ ಕರಡು ದೀಪಾವಳಿಯೊಳಗೆ ಕಳಿಸು. ಅದಕ್ಕೂ ಮುಂಚೆ ಇನ್ನೊಂದು ಕೆಲಸ. ಪಕ್ಕದ ಮನೆಯ ಅಜ್ಜಿ ಸಾಲು ಓದಿಕೊಟ್ಟು ಹಾಡಿಸುತ್ತಾರಲ್ಲ, ಅದನ್ನು ಫೋನಲ್ಲಿ ರೆಕಾರ್ಡ್ ಮಾಡಿ ನನಗೆ ವಾಟ್ಸಾಪ್ ಮಾಡು. ಈ ಭಾನುವಾರವೇ ಹೋಗು. ಅವರಿಗೆ ತೊಂಬತ್ತೊಂದು ಅಂದೆ ಅಲ್ವಾ?

ಇಂತಿ,
ನಿನ್ನ ಹಳೇ ಕನ್ನಡ ಮೇಷ್ಟ್ರು